ಮ್ಯಾಟಿನ ತಾಂತ್ರಿಕ ತೊಂದರೆ

ಕಾವೇರಿ–ನೇತ್ರಾವತಿ ಕ್ರಿಕೆಟ್ ಕ್ಲಬ್ಬಿನ ಚರಿತ್ರೆ ಅಚ್ಚಾಗಿ ಬಂದಿದೆ. ನುಣುಪು ಕಾಗದ, ಮೂವತ್ತೆರಡು ಪುಟ, ಬಣ್ಣದ ಫೋಟೊ. ಟೊರಾಂಟೊ ಸುತ್ತಮುತ್ತಲಿನ ಲೀಗಿನಲ್ಲಿ ನಮ್ಮ ಕನ್ನಡದವರ ಟೀಮು 2015ರಿಂದ ಈಚೆಗೆ ಏನೇನು ಕಡಿದು ಕಟ್ಟೆಹಾಕಿತು ಎಂದು ಕ್ಯಾಪ್ಟನ್ ಉಮಾಶಂಕರ ಬರೆದಿದ್ದಾರೆ. ಯಾರು ಯಾವ ವರ್ಷ ಎಷ್ಟು ರನ್ನು ಹೊಡೆದರು, ಯಾರ ಕ್ಯಾಚು ಯಾರು ಬಿಟ್ಟರು, ಯಾರ ಮನೆಯ ಪುಳಿಯೋಗರೆ ತಿಂದು ಎದುರಿನವರು ಓಡಲಾಗದೆ ಸೋತರು, ಎಲ್ಲ ಇದೆ. ಹತ್ತೊಂಬತ್ತನೆಯ ಪುಟದಲ್ಲಿ ಒಂದು ಸಾಲು ಹೀಗಿದೆ: ‘2018ರ ಸೆಮಿಫೈನಲ್ ಪಂದ್ಯವು ಮ್ಯಾಟಿನ ತಾಂತ್ರಿಕ ತೊಂದರೆಯಿಂದಾಗಿ ಪೂರ್ಣಗೊಳ್ಳಲಿಲ್ಲ.’

ಆ ತಾಂತ್ರಿಕ ತೊಂದರೆ ನಾನು. ಹೆಸರು ಕಾಂತಪ್ಪ.

ನಾಲ್ಕು ವರ್ಷ ಆ ಟೀಮಿಗೆ ಬೌಲಿಂಗ್ ಮಾಡಿದ್ದೇನೆ. ಎಪ್ಪತ್ತೊಂದು ವಿಕೆಟ್ಟು. ಆಟಗಾರರ ಪುಟದಲ್ಲಿ ನನ್ನ ಹೆಸರಿಲ್ಲ. ಕೊನೆಯ ಪುಟದಲ್ಲಿ, ‘ಸಹಕರಿಸಿದವರು’ ಎಂಬ ತಲೆಬರಹದ ಕೆಳಗೆ, ಫೋಟೊ ಸ್ಟುಡಿಯೊದವನಿಗೂ ಪಾರ್ಕಿನ ಆಫೀಸಿಗೂ ನಡುವೆ ಸಿಕ್ಕಿಹಾಕಿಕೊಂಡಿದ್ದೇನೆ. ‘ಕಾಂತಪ್ಪ – ಮ್ಯಾಟು, ನೀರು.’ ಓದಿ ಸಿಟ್ಟು ಬಂತು. ಆಮೇಲೆ ನಗು ಬಂತು. ಆಮೇಲೆ ಮತ್ತೆ ಸಿಟ್ಟೇ ಬಂತು. ಅವರ ಚರಿತ್ರೆ ಅವರು ಬರೆದರು. ನನ್ನದು ನಾನು ಬರೆಯುತ್ತೇನೆ.

ನಾನು ಈ ದೇಶಕ್ಕೆ ಬಂದದ್ದು ಹೆಂಡತಿಯ ಸೆರಗು ಹಿಡಿದು. ಆಶಾಲತಾ ನರ್ಸು. ಅವಳಿಗೆ ಇಲ್ಲಿ ವೃದ್ಧರ ಆರೈಕೆಯ ಮನೆಯೊಂದರಲ್ಲಿ ಕೆಲಸ ಸಿಕ್ಕಿತು, ಹಿಂದೆಯೇ ನಾನು ಬಂದೆ. ಬೋಲ್ಟನ್‌ನ ಗೋಡೌನಿನಲ್ಲಿ ಫೋರ್ಕ್‌ಲಿಫ್ಟು ಓಡಿಸುವ ಕೆಲಸ. ವಾರಕ್ಕೆ ಐದು ದಿನ ಅದೇ ಹಲಗೆ, ಅದೇ ಪೆಟ್ಟಿಗೆ, ಅದೇ ಬೆನ್ನುನೋವು. ಶನಿವಾರ ಒಂದು ನನ್ನದು. ಗದ್ದೆ ಕೊಯ್ದ ಮೇಲೆ ಟೆನಿಸ್ ಬಾಲಿನಲ್ಲಿ ಆಡಿ ಕಲಿತವನು ನಾನು. ಪಕ್ಕದ ವಾನ್ ಎಂಬ ಊರಿನಲ್ಲಿ ಕನ್ನಡದವರು ಟೀಮು ಕಟ್ಟುತ್ತಿದ್ದಾರೆ ಎಂದು ಕೇಳಿದ್ದೇ ತಡ, ಶೂ ಕಟ್ಟಿಕೊಂಡು ಓಡಿದೆ.

ಮೈಸೂರು, ಬೆಂಗಳೂರಿನವರು ಅರ್ಧ, ನಮ್ಮ ಉಡುಪಿ, ಮಂಗಳೂರಿನವರು ಅರ್ಧ. ಮೊದಲ ದಿನವೇ ನಮ್ಮ ಕಡೆಯವರೊಬ್ಬರು ಕೇಳಿದರು, “ಊರು ಯಾವುದು ಮಾರಾಯ್ರೆ? ಹೆಸರು ಎಂತ?”

“ಕಾಂತಪ್ಪ” ಅಂದೆ.

“ಓ” ಅಂದರು.

ಊರಿನ ಹೆಸರು ಹೇಳುವಷ್ಟರಲ್ಲಿ ಅವರು ಬೇರೆ ಕಡೆ ತಿರುಗಿದ್ದರು. ನನ್ನ ಹೆಸರು ಯಾವ ಕೇರಿಯಿಂದ ಬಂದದ್ದು ಎಂದು ತುಳು ಬಲ್ಲವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಒಂದು ವಾರದಲ್ಲಿ ಮೈಸೂರಿನವರಿಗೂ ಗೊತ್ತಾಯಿತು. ಆಮೇಲೆ ಉಮಾಶಂಕರರು ಎಲ್ಲರಿಗೂ ‘ಬನ್ರೀ, ಹೋಗ್ರೀ’ ಅನ್ನುತ್ತಿದ್ದರು, ನನಗೆ ಮಾತ್ರ ‘ಬಾರೋ.’ ನಾನು ಅದನ್ನು ಸಲಿಗೆ ಎಂದುಕೊಂಡೆ. ಎಂಥ ಮಂಗ ನಾನು!

ಇನ್ನು ಮ್ಯಾಟಿನ ಕಥೆ. ಇಲ್ಲಿನ ಎಷ್ಟೋ ಪಾರ್ಕುಗಳಲ್ಲಿ ನಡುವೆ ಬರೀ ಗಟ್ಟಿ ಮಣ್ಣಿನ ಪಟ್ಟಿ ಇರುತ್ತದೆ, ಅದರ ಮೇಲೆ ಹಾಸುವ ಮ್ಯಾಟು ಆಡುವವರೇ ತರಬೇಕು. ನಮ್ಮ ಟೀಮಿನ ಬಳಿ ಇರಲಿಲ್ಲ. ಹಳೆಯ ಕ್ಲಬ್ಬೊಂದು ತೆಂಗಿನ ನಾರಿನ ಮ್ಯಾಟನ್ನು ಕಸಕ್ಕೆ ಎಸೆಯಲು ಹೊರಟಿತ್ತು. ನಾನು ಕೇಳಿ ತಂದೆ. ಅದು ವಾಸನೆ ಬರುತ್ತದೆ ಎಂದು ಯಾರೂ ತಮ್ಮ ಗ್ಯಾರೇಜಿನಲ್ಲಿ ಇಡಲು ಒಪ್ಪಲಿಲ್ಲ. ನಮ್ಮ ಬಾಡಿಗೆ ಬೇಸ್‌ಮೆಂಟಿನಲ್ಲಿ, ನಮ್ಮ ಹಾಸಿಗೆಯ ಪಕ್ಕದಲ್ಲೇ ಅದು ನಾಲ್ಕು ವರ್ಷ ಮಲಗಿತು. ಒದ್ದೆಯಾದರೆ ಸತ್ತ ಎಮ್ಮೆಯ ಭಾರ. ಸತ್ತ ಎಮ್ಮೆ ಹೊತ್ತವನು ನನ್ನ ಅಪ್ಪ, ಅದಕ್ಕೇ ನನಗೆ ಗೊತ್ತು.

ಪ್ರತಿ ಶನಿವಾರ ಬೆಳಿಗ್ಗೆ ಎಂಟಕ್ಕೆ ವ್ಯಾನಿನಿಂದ ಅದನ್ನು ಇಳಿಸಬೇಕು. ಉರುಳಿಸಬೇಕು. ಎಳೆದು ಬಿಗಿ ಮಾಡಬೇಕು. ನಲವತ್ತನಾಲ್ಕು ಕಬ್ಬಿಣದ ಮೊಳೆ ಹೊಡೆಯಬೇಕು. ಸಂಜೆ ಅಷ್ಟನ್ನೂ ಕೀಳಬೇಕು. ನನ್ನ ಜೊತೆ ಕೈ ಹಾಕುತ್ತಿದ್ದವನು ಮನೀಶ್ ಒಬ್ಬನೇ. ಉಡುಪಿಯ ಬಂಟರ ಹುಡುಗ, ಓಪನಿಂಗ್ ಬ್ಯಾಟ್ಸ್‌ಮನ್, ‘ಕಾಂತಪ್ಪಣ್ಣ’ ಅನ್ನುತ್ತಿದ್ದ. ಉಳಿದವರು ಹತ್ತು ಗಂಟೆಗೆ ಕಾಫಿ ಹಿಡಿದುಕೊಂಡು ಬರುತ್ತಿದ್ದರು. “ಮ್ಯಾಟ್ ಸ್ವಲ್ಪ ಸೊಟ್ಟಗಿದೆ ಅಲ್ವೇನೋ?” ಎನ್ನುತ್ತಿದ್ದರು ಉಮಾಶಂಕರ. ಸೊಟ್ಟ ಅಂತೆ ಸೊಟ್ಟ.

ನಮ್ಮ ಲೀಗಿನಲ್ಲಿ ಮಧ್ಯಾಹ್ನದ ಊಟ ಆತಿಥೇಯ ಟೀಮಿನದು. ಎರಡೂ ಟೀಮಿಗೆ, ಅಂಪೈರಿಗೆ ಊಟ ಹಾಕಬೇಕು. ಉಮಾಶಂಕರರ ಹೆಂಡತಿ ಶೈಲಜಾ ಪ್ರತಿ ಮೇ ತಿಂಗಳು ವಾಟ್ಸಾಪಿನಲ್ಲಿ ಪಾಳಿಯ ಲಿಸ್ಟು ಹಾಕುತ್ತಿದ್ದರು. ಒಂದು ವಾರ ಒಬ್ಬರ ಮನೆಯ ಬಿಸಿಬೇಳೆಬಾತು, ಇನ್ನೊಂದು ವಾರ ಮನೀಶನ ಮನೆಯ ಕೋಳಿ ಸುಕ್ಕ. ಯಾರಿಗೂ ಯಾವ ಮಡಿಯೂ ಇರಲಿಲ್ಲ, ಕೋಳಿಯ ಕಾಲಿಗೆ ಬ್ರಾಹ್ಮಣರ ಹುಡುಗರು ಜಗಳ ಆಡುವುದನ್ನು ಕಣ್ಣಾರೆ ನೋಡಿದ್ದೇನೆ. ನನ್ನ ಹೆಸರಿನ ಮುಂದೆ ಮಾತ್ರ ಪ್ರತಿ ವರ್ಷ ಒಂದೇ ಸಾಲು: ‘ಕಾಂತಪ್ಪ – ನೀರು, ಐಸು, ಪೇಪರ್ ಪ್ಲೇಟು, ಕಸದ ಚೀಲ.’

ನಾನು ಅದನ್ನೂ ದಯೆ ಎಂದುಕೊಂಡೆ. ಆಶಾಲತಾಗೆ ವೀಕೆಂಡ್ ಶಿಫ್ಟು, ಪಾಪ ಅಡುಗೆಗೆ ಪುರುಸೊತ್ತಿಲ್ಲ ಎಂದು ಬಿಟ್ಟಿದ್ದಾರೆ ಎಂದುಕೊಂಡೆ. ಶೈಲಜಕ್ಕನಿಗೆ ಥ್ಯಾಂಕ್ಸ್ ಕೂಡ ಹೇಳಿದ್ದೆ. ಆಶಾಲತಾ ಮಾತ್ರ ಮೂರನೇ ವರ್ಷ ಲಿಸ್ಟು ನೋಡಿ, “ನಿಮಗೆ ಬುದ್ಧಿ ಯಾವಾಗ ಬರ್ತದೋ” ಎಂದು ಹೇಳಿ ಡ್ಯೂಟಿಗೆ ಹೋದಳು.

ಬುದ್ಧಿ ಬಂದದ್ದು 2018ರಲ್ಲಿ, ಅಮ್ಮ ಬಂದ ಮೇಲೆ.

ಅಮ್ಮನ ಹೆಸರು ಕೊರಪ್ಪೊಳು. ಜೀವನವಿಡೀ ಕೊಳೆತ ತೆಂಗಿನ ಸಿಪ್ಪೆ ಜಜ್ಜಿದವಳು. ಸೊಂಟದವರೆಗೆ ಕಪ್ಪು ನೀರಿನಲ್ಲಿ ನಿಂತು ಸಿಪ್ಪೆ ಎತ್ತಿ, ಮರದ ಕೊಡತಿಯಿಂದ ಬಡಿದು, ನಾರು ಬಿಡಿಸಿ, ಅಂಗೈಯಲ್ಲಿ ಹಗ್ಗ ಹೊಸೆದು ನನ್ನನ್ನು ಓದಿಸಿದವಳು. ಅವಳ ಅಂಗೈಗೆ ಗೆರೆಗಳೇ ಇಲ್ಲ, ಸವೆದು ಹೋಗಿವೆ. ವಿಮಾನ ನಿಲ್ದಾಣದಲ್ಲಿ ಬೆರಳಚ್ಚು ತೆಗೆಯುವ ಮೆಷಿನ್ನು ಅವಳ ಎದುರು ಹತ್ತು ನಿಮಿಷ ಒದ್ದಾಡಿತು.

ಬೇಸ್‌ಮೆಂಟಿಗೆ ಬಂದವಳು ಮೊದಲು ಮೂಸಿದ್ದು ಮ್ಯಾಟನ್ನು. “ಇದು ನಮ್ಮ ಕಡೆಯ ನಾರು ಅಲ್ವಾ ಮಗಾ? ಇಲ್ಲಿಗೆ ಹೇಗೆ ಬಂತು?” ಅಂದಳು. ಅದರ ಮೇಲೆಯೇ ಕೂತು ಚಹಾ ಕುಡಿದಳು.

ನಾನು ಆಡುವ ಟೀಮಿನವರಿಗೆ ತಿನ್ನಲು ಏನಾದರೂ ಮಾಡಿ ಕಳಿಸಬೇಕು ಎಂದು ಅವಳ ಆಸೆ. ಶೈಲಜಕ್ಕನಿಗೆ ಫೋನು ಮಾಡಿದೆ.

“ಅಯ್ಯೋ, ಅಮ್ಮಂಗ್ಯಾಕೆ ತೊಂದ್ರೆ ಕಾಂತಪ್ಪ? ವಯಸ್ಸಾಗಿದೆ ಪಾಪ, ರೆಸ್ಟ್ ತಗೊಳ್ಲಿ” ಅಂದರು.

“ತೊಂದರೆ ಎಂತ ಇಲ್ಲಕ್ಕ. ಹಿಟ್ಟು ಕಲಸಿ ಆಗಿದೆ.”

“ಹೌದಾ... ಸರಿ, ನೋಡಿ” ಅಂದರು. ಅವರ ದನಿ ತಣ್ಣಗಾದದ್ದು ನನಗೆ ಆಗ ಕೇಳಿಸಲೇ ಇಲ್ಲ.

ಅಮ್ಮ ಗೋಳಿಬಜೆ ಕರಿದಳು. ಮೈದಾ, ಹುಳಿ ಮೊಸರು, ಶುಂಠಿ, ತೆಂಗಿನ ಚೂರು. ಬಿಸಿ ಬಿಸಿ, ಮೆತ್ತಗೆ, ಬಾಯಿಗಿಟ್ಟರೆ ಕರಗುವಂಥದ್ದು. ಇನ್ನೂರು ಇತ್ತು. ದೊಡ್ಡ ತಟ್ಟೆಯಲ್ಲಿ ಹಾಕಿ, ಮೈ ಒರೆಸುವ ಹಳೆಯ ಬೈರಾಸೊಂದನ್ನು ಒಗೆದು ಮೇಲೆ ಮುಚ್ಚಿ, ಮೂಲೆಗಳನ್ನು ಗಂಟು ಹಾಕಿ ಕೊಟ್ಟಳು. ಊಟದ ಮೇಜಿನ ಮೇಲೆ ಇಟ್ಟೆ. ನಾನು ಬ್ಯಾಟಿಂಗಿಗೆ ಪ್ಯಾಡು ಕಟ್ಟಬೇಕಿತ್ತು, ಆ ಕಡೆ ಹೋದೆ.

ಸಂಜೆ ಮೊಳೆ ಕಿತ್ತು, ಮ್ಯಾಟು ಸುತ್ತಿ, ಕಸದ ಚೀಲದ ಬಾಯಿ ಕಟ್ಟಲು ಹೋದೆ. ಅದು ನನ್ನ ಪಾಳಿಯ ಕೆಲಸ ತಾನೆ? ಚೀಲದೊಳಗೆ ಬೈರಾಸಿನ ಗಂಟು ಕಂಡಿತು. ಬಿಚ್ಚಿಯೇ ಇರಲಿಲ್ಲ. ತಟ್ಟೆ ಸಮೇತ ಹಾಗೇ ಎತ್ತಿ ಒಳಗೆ ಹಾಕಿದ್ದರು.

ನಾನೇ ತಂದ ಚೀಲ. ಅದರಲ್ಲಿ ನನ್ನ ಅಮ್ಮನ ಕೈ.

ಯಾರು ಎಸೆದರೋ ಗೊತ್ತಿಲ್ಲ. ಮೇಜಿನ ಸುತ್ತ ಅಷ್ಟೂ ಜನ ಇದ್ದರು, ಒಬ್ಬರೂ ಗಂಟು ಬಿಚ್ಚಲಿಲ್ಲ ಎಂಬುದು ಮಾತ್ರ ಗೊತ್ತು. ತಟ್ಟೆ ಹೊರಗೆ ತೆಗೆದೆ. ವ್ಯಾನಿನಲ್ಲಿ ಕೂತು ಆರಿಹೋದ ಗೋಳಿಬಜೆ ತಿಂದೆ, ಆಗುವಷ್ಟು ತಿಂದೆ. ತಿನ್ನುತ್ತಾ ಅತ್ತೆ. ಉಳಿದದ್ದನ್ನು ಬಾತುಕೋಳಿಗಳಿಗೆ ಹಾಕಿ, ತಟ್ಟೆ ತೊಳೆದು ಮನೆಗೆ ಹೋದೆ.

“ತಿಂದರಾ ಮಗಾ?” ಅಮ್ಮ ಬಾಗಿಲಲ್ಲೇ ಕೇಳಿದಳು.

“ಒಂದೂ ಉಳಿಯಲಿಲ್ಲಮ್ಮ” ಅಂದೆ.

ಅವಳ ಮುಖ ಅರಳಿದ್ದು ನೋಡಬೇಕಿತ್ತು. “ಹಾಗಾದ್ರೆ ಮುಂದಿನ ಸಲ ನಾನೇ ಬರ್ತೇನೆ. ನನ್ನ ಕೈಯಾರೆ ಹಾಕ್ತೇನೆ” ಅಂದಳು. ಸುಳ್ಳು ಹೇಳಿ ಸಿಕ್ಕಿಬಿದ್ದೆ.

ಎರಡು ಶನಿವಾರ ಮಳೆ ಎಂದೆ. ಒಂದು ಶನಿವಾರ ದೂರದ ಗ್ರೌಂಡು ಎಂದೆ. ಆಗಸ್ಟಿನಲ್ಲಿ ನಾವು ಸೆಮಿಫೈನಲಿಗೆ ಬಂದೆವು. ಅಮ್ಮನಿಗೆ ಸೆಪ್ಟೆಂಬರಿನಲ್ಲಿ ವಾಪಸು ಟಿಕೆಟ್ಟು. ಆ ವಾರವೇ ಮ್ಯಾಟು ಒಂದು ತುದಿಯಲ್ಲಿ ಮೊಳದುದ್ದ ಹರಿಯಿತು. ಗ್ರೂಪಿನಲ್ಲಿ ಹಾಕಿದೆ. “ಏನಾದ್ರೂ ಮಾಡೋ ಕಾಂತಪ್ಪ, ನೀನೇ ಎಕ್ಸ್‌ಪರ್ಟು” ಎಂದು ಉಮಾಶಂಕರ ಉತ್ತರಿಸಿದರು. ಒಂದು ಹೆಬ್ಬೆರಳಿನ ಚಿತ್ರ ಬೇರೆ.

ಮಾಡಿದ್ದು ಅಮ್ಮ. ಹರಿದ ಅಂಚಿನಿಂದ ನಾರು ಬಿಡಿಸಿದಳು, ನೀರಿನಲ್ಲಿ ನೆನೆಸಿದಳು, ಅಂಗೈಗಳ ನಡುವೆ ಹೊಸೆದಳು. ಎರಡು ದಿನ ನೆಲದ ಮೇಲೆ ಕಾಲು ಚಾಚಿ ಕೂತು, ಗೋಣಿ ಸೂಜಿಯಲ್ಲಿ ಹೊಲಿದಳು. ಬೆರಳ ತುದಿಯಲ್ಲಿ ರಕ್ತ ಬಂತು. “ಬಿಡಮ್ಮ” ಅಂದೆ. “ನೀನು ಬಿದ್ದರೆ? ಓಡಿಕೊಂಡು ಬಂದು ಕಾಲು ಇಡುವ ಜಾಗ ಇದೇ ಅಲ್ವಾ?” ಅಂದಳು. ಹೊಲಿದ ಜಾಗ ಹೊಸ ಮ್ಯಾಟಿಗಿಂತ ಗಟ್ಟಿಯಾಯಿತು.

ಸೆಮಿಫೈನಲಿಗೆ ಅವಳು ಬಂದೇ ಬಂದಳು. ಹಸಿರು ಸೀರೆ ಉಟ್ಟು, ಮಡಚುವ ಕುರ್ಚಿಯಲ್ಲಿ ಕೂತು, ಕಾಲ ಬಳಿ ದೊಡ್ಡ ಡಬ್ಬಿ ಇಟ್ಟುಕೊಂಡಳು. ಎದುರಾಳಿಗಳು ಗಯಾನಾದವರು, ಹಿಂದೆ ಅಲ್ಲಿನ ಕಬ್ಬಿನ ತೋಟಗಳಿಗೆ ಕೂಲಿಗೆ ಹೋದ ಭಾರತೀಯರ ಮರಿಮಕ್ಕಳು, ಬ್ರಾಂಪ್ಟನ್ ಕಡೆಯ ಟೀಮು. ಮೊದಲು ನಮ್ಮ ಬೌಲಿಂಗು. ಅವತ್ತು ನನ್ನ ಕೈಗೆ ಏನಾಗಿತ್ತೋ, ಬಾಲು ಹೇಳಿದಂತೆ ಕೇಳುತ್ತಿತ್ತು. ಐದು ವಿಕೆಟ್ಟು! ಒಂದೊಂದು ವಿಕೆಟ್ಟು ಬಿದ್ದಾಗಲೂ ಎಲ್ಲರೂ ಓಡಿ ಬಂದು ತಬ್ಬಿಕೊಂಡರು. ಕೀಪಿಂಗ್ ಮಾಡುತ್ತಿದ್ದ ಉಮಾಶಂಕರರು ನನ್ನ ಬೆವರಿನ ತಲೆಗೆ ಮುತ್ತು ಕೊಟ್ಟರು. “ನೀನ್ ಹುಲಿ ಕಣೋ, ಹುಲಿ!” ಅಮ್ಮ ಕುರ್ಚಿ ಬಿಟ್ಟು ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದಳು. ಗಯಾನಾದವರು ನೂರ ಇಪ್ಪತ್ತೆರಡಕ್ಕೆ ಆಲೌಟು. ನಮ್ಮ ಟೀಮು ಚರಿತ್ರೆಯಲ್ಲೇ ಮೊದಲ ಸಲ ಫೈನಲ್ ಮುಟ್ಟುವುದು ಗ್ಯಾರಂಟಿ ಎಂದು ಎಲ್ಲರಿಗೂ ಅನಿಸಿತ್ತು. ನನಗೂ ಅನಿಸಿತ್ತು.

ಊಟದ ಹೊತ್ತು. ಗಯಾನಾದವರು ತಮ್ಮ ಮರದ ಕೆಳಗೆ ಹಾಡು ಹಾಕಿಕೊಂಡಿದ್ದರು. ಹಾಡು ಮುಗಿಯದೆ ಊಟಕ್ಕೆ ಏಳುವವರಲ್ಲ. ನಮ್ಮವರೇ ಮೊದಲು ಸಾಲು ನಿಂತರು. ಸಾಲಿನ ಕೊನೆಯಲ್ಲಿ ಅಮ್ಮ, ಡಬ್ಬಿಯ ಮುಚ್ಚಳ ತೆಗೆದು, ಕೈಯಲ್ಲಿ ಚಿಮಟ ಹಿಡಿದು ನಿಂತಳು. ಬರುವ ಒಬ್ಬೊಬ್ಬರ ಪ್ಲೇಟಿಗೂ ಚಿಮಟ ಚಾಚಿದಳು.

“ಬೇಡಮ್ಮ, ಶುಗರ್ ಇದೆ” ಅಂದರು ಉಮಾಶಂಕರ.

“ಬ್ಯಾಟಿಂಗ್ ಉಂಟಲ್ಲ, ಎಣ್ಣೆದು ತಿಂದ್ರೆ ಓಡ್ಲಿಕ್ಕೆ ಆಗುದಿಲ್ಲ” ಅಂದ ಇನ್ನೊಬ್ಬ. ಅವನ ಪ್ಲೇಟಿನಲ್ಲಿ ಎರಡು ಸಮೋಸ ಇತ್ತು.

“ನಾನು ಶನಿವಾರ ಒಪ್ಪೊತ್ತು” ಅಂದ ಮತ್ತೊಬ್ಬ. ಶೈಲಜಕ್ಕ ನಗುತ್ತಲೇ ಪ್ಲೇಟಿನ ಮೇಲೆ ಅಂಗೈ ಅಡ್ಡ ಹಿಡಿದರು. ಮನೀಶ್ ಫೋನು ನೋಡುತ್ತಾ ದಾಟಿ ಹೋದ. ನನ್ನ ಎದೆಗೆ ಚುಚ್ಚಿದ್ದು ಅದು.

ಸಾಲು ಮುಗಿಯಿತು. ಚಿಮಟ ಗಾಳಿಯಲ್ಲೇ ಇತ್ತು. ಅಮ್ಮ ಅದನ್ನು ನಿಧಾನ ಇಳಿಸಿದಳು. ಅರುವತ್ತೆಂಟು ವರ್ಷ ಅಂಗಳದಾಚೆ ನಿಂತವಳಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅವಳು ಅಳಲಿಲ್ಲ. ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದಳು:

“ಆ ದಿನದ್ದು ಯಾರು ತಿಂದರು ಮಗಾ?”

ಸುಳ್ಳು ಹೇಳಲು ಇನ್ನು ಜಾಗ ಇರಲಿಲ್ಲ. ನಾನು ವ್ಯಾನಿಗೆ ಹೋದೆ, ಸುತ್ತಿಗೆ ತೆಗೆದುಕೊಂಡೆ, ಮೈದಾನದ ನಡುವೆ ನಡೆದೆ. ಬಗ್ಗಿ ಮೊದಲ ಮೊಳೆ ಕಿತ್ತೆ.

ಎರಡು. ಮೂರು. ನಾಲ್ಕು. ಎಂಟನೆಯ ಮೊಳೆಗೆ ಉಮಾಶಂಕರ ಪ್ಲೇಟು ಹಿಡಿದುಕೊಂಡೇ ಓಡಿ ಬಂದರು.

“ಏಯ್ ಕಾಂತಪ್ಪ, ಏನ್ ಮಾಡ್ತಿದೀಯೋ?”

“ಮ್ಯಾಟು ಎತ್ತುತ್ತಾ ಇದ್ದೇನೆ.”

“ತಲೆ ಕೆಟ್ಟಿದೆಯಾ? ನಮ್ ಬ್ಯಾಟಿಂಗ್ ಇದೆ!”

“ನನ್ನದು ಮುಗಿಯಿತು ಸಾರ್.”

“ಏನಾಯ್ತು ಹೇಳು, ಕೂತ್ಕೊಂಡ್ ಮಾತಾಡೋಣ.”

“ನನ್ನ ಅಮ್ಮ ಮಾಡಿದ್ದು ನೀವು ಎಂತಕ್ಕೆ ತಿನ್ನಲಿಲ್ಲ?”

“ಅಯ್ಯೋ, ಇಷ್ಟಕ್ಕಾ? ನಂಗೆ ಶುಗರ್ ಕಣೋ!”

“ನಿಮ್ಮ ಪ್ಲೇಟಿನಲ್ಲಿ ಜಾಮೂನು ಉಂಟು.”

ಅವರು ಪ್ಲೇಟು ನೋಡಿಕೊಂಡರು. ಜಾಮೂನು ಅಲ್ಲೇ ಇತ್ತು, ಎಲ್ಲಿಗೆ ಹೋಗುತ್ತದೆ? ಕೆಂಪಗಾದರು. “ನೋಡು, ಕೆನಡಾಗೆ ಬಂದ್ಮೇಲೆ ಇಲ್ಲಿ ಯಾರೂ ಜಾತಿಗೀತಿ ನೋಡಲ್ಲ. ಅದೆಲ್ಲ ನಿನ್ ತಲೇಲಿರೋದು” ಅಂದರು.

“ತಲೆಯಲ್ಲಿ ಅಲ್ಲ, ಲಿಸ್ಟಿನಲ್ಲಿ ಉಂಟು. ನಾಲ್ಕು ವರ್ಷದ್ದು ಫೋನಲ್ಲಿ ಉಂಟು. ನೀರು, ಐಸು, ಪೇಪರ್ ಪ್ಲೇಟು, ಕಸದ ಚೀಲ. ಓದ್ಲಾ? ಹಿಂದಿನ ಸಲ ಆ ಕಸದ ಚೀಲಕ್ಕೆ ಎಂತ ಹಾಕಿದ್ರಿ ಅಂತ ಅದನ್ನೂ ಹೇಳ್ಲಾ?”

ನಾನು ಮ್ಯಾಟಿನ ತುದಿ ಎತ್ತಿ ಹೊಲಿಗೆ ತೋರಿಸಿದೆ.

“ಇದು ಅವಳು ಹೊಲಿದದ್ದು. ಇದು ಅವಳ ಕೈಯ ಹಗ್ಗ. ಇದು ಅವಳ ರಕ್ತದ ಕಲೆ. ಬೆಳಿಗ್ಗೆಯಿಂದ ಇದರ ಮೇಲೆ ಕುಣಿದ್ರಿ. ನನ್ನ ತಲೆಗೆ ಮುತ್ತು ಕೊಟ್ರಿ. ಅವಳ ಕೈಯಿಂದ ತಿನ್ನಲಿಕ್ಕೆ ಮಾತ್ರ ಆಗುದಿಲ್ಲ ಅಲ್ವಾ? ಹಾಗಾದ್ರೆ ಇಳೀರಿ. ಮ್ಯಾಟಿನಿಂದ ಕೆಳಗೆ ಇಳೀರಿ!”

ಅವರು ನಿಜವಾಗಿಯೂ ಇಳಿದರು. ಒಂದು ಹೆಜ್ಜೆ ಹಿಂದೆ ಸರಿದು ಮಣ್ಣಿನಲ್ಲಿ ನಿಂತರು. ನನಗೇ ಆಶ್ಚರ್ಯವಾಯಿತು.

ಅಷ್ಟರಲ್ಲಿ ಜಮೈಕಾದ ಮುದಿ ಅಂಪೈರು ಬಂದ. ಆತಿಥೇಯ ಟೀಮು ಮ್ಯಾಟು ಕೊಡದಿದ್ದರೆ ಪಂದ್ಯ ಎದುರಿನವರಿಗೆ, ಹದಿನೈದು ನಿಮಿಷ ಕೊಡುತ್ತೇನೆ ಎಂದು ಗಡಿಯಾರ ನೋಡಿದ. ಈಗ ಉಮಾಶಂಕರರ ದನಿ ಬದಲಾಯಿತು. ನಾಲ್ಕು ವರ್ಷದಲ್ಲಿ ಮೊದಲ ಸಲ ಬಹುವಚನ ಬಂತು.

“ಸರಿ ಕಾಂತಪ್ಪ, ನೀವು ಹೇಳಿದ ಹಾಗೇ ಆಗ್ಲಿ. ಎಲ್ರೂ ಒಂದೊಂದು ತಿಂತೀವಿ. ಆಮೇಲೆ ಮ್ಯಾಟ್ ಹಾಕ್ತೀರಾ?”

ಮದ್ದು ನುಂಗುವವರ ಹಾಗೆ ಹತ್ತೂ ಜನ ಸಾಲಾಗಿ ಅಮ್ಮನ ಕಡೆ ಹೊರಟರು. ನಾನೂ ಸುತ್ತಿಗೆ ಹಿಡಿದು ಹಿಂದೆ ಹೋದೆ. ಅಲ್ಲಿ ನೋಡಿದರೆ ಅಮ್ಮನ ಸುತ್ತ ಗಯಾನಾದವರ ಗುಂಪು. ಹಾಡು ಮುಗಿಸಿ ಬಂದಿದ್ದರು. ಅವರ ಕ್ಯಾಪ್ಟನ್ ಪರ್ಸಾಡ್, ಬಿಳಿ ಟೊಪ್ಪಿಯ ದಢೂತಿ ಮನುಷ್ಯ, ಎರಡೂ ಕೆನ್ನೆ ಉಬ್ಬಿಸಿಕೊಂಡು ಇಂಗ್ಲಿಷಿನಲ್ಲಿ ಕೂಗುತ್ತಿದ್ದ, “ಇದು ಫುಲೋರಿ! ನಮ್ಮಜ್ಜಿ ಮಾಡುತ್ತಿದ್ದಳು, ಇದೇ, ಥೇಟು ಇದೇ!” ಅಮ್ಮನಿಗೆ ಒಂದು ಅಕ್ಷರ ಅರ್ಥವಾಗಲಿಲ್ಲ. ಅವನ ಕೈಗೆ ಚಟ್ನಿ ಸುರಿಯುತ್ತಿದ್ದಳು. ಅವನು ಕೈ ನೆಕ್ಕಿ ಮತ್ತೆ ಚಾಚಿದ.

ಉಮಾಶಂಕರ ಪ್ಲೇಟು ಮುಂದೆ ಹಿಡಿದರು. “ಅಮ್ಮಾ, ನಮ್ಗೂ ಒಂದು...”

ಅಮ್ಮ ಡಬ್ಬಿ ಓರೆ ಮಾಡಿ ತೋರಿಸಿದಳು. ತಳದಲ್ಲಿ ಎಣ್ಣೆ ಕಾಗದ ಮಾತ್ರ ಇತ್ತು.

“ಮುಗಿಯಿತು” ಅಂದಳು. ನನ್ನ ಕಡೆ ತಿರುಗಿ ತುಳುವಿನಲ್ಲಿ, “ಹಸಿದು ಬಂದವರು ತಿಂದರು. ಇವರು ಮ್ಯಾಟು ಬೇಕು ಅಂತ ಬಂದವರು. ನೀನು ನಿನ್ನ ಕೆಲಸ ಮಾಡು ಮಗಾ” ಅಂದಳು.

ಮಾಡಿದೆ. ನಲವತ್ತನಾಲ್ಕನ್ನೂ ಕಿತ್ತೆ. ಮ್ಯಾಟು ಸುತ್ತಲು ಎರಡು ಜನ ಬೇಕು. ಒಬ್ಬನೇ ಒಂದು ತುದಿಯಲ್ಲಿ ಒದ್ದಾಡುತ್ತಿದ್ದಾಗ ಮನೀಶ್ ಬಂದು ಇನ್ನೊಂದು ತುದಿ ಹಿಡಿದ. ತಲೆ ಎತ್ತಲಿಲ್ಲ. ವ್ಯಾನಿಗೆ ಏರಿಸಿ ಕೊಟ್ಟ. ಈ ವರ್ಷವೂ ಅವರ ಜೊತೆಯೇ ಆಡಿದ ಎನ್ನಿ. ಇರಲಿ, ಆ ದಿನ ತುದಿ ಹಿಡಿದದ್ದು ಅವನೊಬ್ಬನೇ. ಫೈನಲ್ ಆಡಬೇಕೆಂಬ ಆಸೆ ನನಗೂ ಇತ್ತು, ಹೊಟ್ಟೆ ಉರಿಯಲಿಲ್ಲ ಎಂದರೆ ಸುಳ್ಳಾಗುತ್ತದೆ. ವ್ಯಾನಿನಲ್ಲಿ ಅಮ್ಮ ನನ್ನ ತೊಡೆಯ ಮೇಲೆ ಗೆರೆಯಿಲ್ಲದ ಅಂಗೈ ಇಟ್ಟುಕೊಂಡೇ ಕೂತಿದ್ದಳು.

ಸೆಪ್ಟೆಂಬರಿನಲ್ಲಿ ಅವಳು ಊರಿಗೆ ಹೋದಳು. ಈ ವರ್ಷ, 2019ರಲ್ಲಿ, ನಾನು ಪರ್ಸಾಡನ ಟೀಮು ಸೇರಿದೆ. ಅವರಿಗೆ ಹಸಿರು ಪ್ಲಾಸ್ಟಿಕ್ ಮ್ಯಾಟು ಇದೆ, ಅದನ್ನು ಹಾಸಲು ಆರು ಜನ ಬರುತ್ತಾರೆ. ಮೊದಲ ದಿನ ಸ್ಕೋರು ಪುಸ್ತಕದ ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ಊಟದ ಪಾಳಿ ಬರೆದಿದ್ದರು. ‘ಎರಡನೇ ಶನಿವಾರ – ಕಾಂತಪ್ಪ – ಊಟ.’ ಮೂರು ಸಲ ಓದಿದೆ. ಕಣ್ಣು ತುಂಬಿತು. ಬಾಲು ಹುಡುಕುವ ನೆಪದಲ್ಲಿ ಪೊದೆಯ ಹಿಂದೆ ಹೋಗಿ ಮುಖ ಒರೆಸಿಕೊಂಡೆ.

ಎರಡನೇ ಶನಿವಾರ ನಾನೇ ಗೋಳಿಬಜೆ ಕರಿದೆ. ಅಮ್ಮನಿಗೆ ಫೋನು ಮಾಡಿ ಕೇಳಿ ಕೇಳಿ ಮಾಡಿದರೂ ಹಿಟ್ಟು ಕೆಟ್ಟಿತು. ಬಾಲಿನ ಬದಲು ಇವನ್ನೇ ಎಸೆದು ವಿಕೆಟ್ಟು ತೆಗೆಯಬಹುದಿತ್ತು. ಆದರೂ ಪರ್ಸಾಡ್ ಮತ್ತು ಅವನ ಹುಡುಗರು ನನ್ನನ್ನು ಬಾಯಿತುಂಬ ಬೈಯುತ್ತಾ ತಿಂದರು. ಅಷ್ಟರಲ್ಲಿ ಊರಿನಿಂದ ವಿಡಿಯೊ ಕಾಲ್ ಬಂತು. ಅಲ್ಲಿ ಮಲಗುವ ಹೊತ್ತು. ಅಮ್ಮ ನಿದ್ದೆ ಮಾಡದೆ ಕಾದಿದ್ದಳು.

“ತಿಂದರಾ ಮಗಾ?”

“ತಿಂದರಮ್ಮ.”

“ಸುಳ್ಳು ಹೇಳ್ಬೇಡ.”

ನಾನು ಫೋನು ಅವರ ಕಡೆ ತಿರುಗಿಸಿದೆ. ಅಮ್ಮ ಒಬ್ಬೊಬ್ಬರ ಬಾಯಿಯನ್ನೂ ನೋಡುತ್ತಿದ್ದಳು.

“ಆ ಬಿಳಿ ಟೊಪ್ಪಿಯವನ ಪ್ಲೇಟು ಖಾಲಿ ಉಂಟು” ಅಂದಳು ಕೊನೆಗೆ, “ಅವನಿಗೆ ಇನ್ನೆರಡು ಹಾಕು.”